ಪೋಸ್ಟ್‌ಗ್ರೆಸ್ 9.5ರಿಂದ 16ಕ್ಕೆ: ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಡ್ರೈವರ್ ರಿಪೇರಿ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯ ಲೆಕ್ಕದ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ನಾನಿರುವುದು ಹುಬ್ಬಳ್ಳಿಯಲ್ಲಿ. ಸಣ್ಣ ಕೆಲಸವನ್ನು ಫೋನಿನಲ್ಲೇ ಮುಗಿಸುತ್ತೇನೆ, ದೊಡ್ಡದಿದ್ದರೆ ರೈಲು ಹತ್ತುತ್ತೇನೆ. ಈ ಸಲದ್ದು ದೊಡ್ಡ ಕೆಲಸ. ಅಂಗಡಿಯ ಹಳೆ ಸರ್ವರ್‌ನಲ್ಲಿ ಉಬುಂಟು 16.04 ಇತ್ತು, ಅದರ ಜೊತೆ ಬಂದ ಪೋಸ್ಟ್‌ಗ್ರೆಸ್ 9.5 ಎಂಬ ಡೇಟಾಬೇಸ್ ಓಡುತ್ತಿತ್ತು. 9.5ಕ್ಕೆ 2021ರ ಫೆಬ್ರುವರಿಯಲ್ಲೇ ಅಪ್‌ಡೇಟ್ ನಿಂತುಹೋಗಿದೆ. ಯಂತ್ರದ ಹಾರ್ಡ್ ಡಿಸ್ಕ್ ಕೂಡ ಸದ್ದು ಮಾಡತೊಡಗಿತ್ತು. ಹಾಗಾಗಿ ಹೊಸ ಯಂತ್ರ ತಂದು, ಉಬುಂಟು 24.04 ಹಾಕಿ, ಪೋಸ್ಟ್‌ಗ್ರೆಸ್ 16ಕ್ಕೆ ಡೇಟಾ ಸಾಗಿಸಿದೆ.

ಸಾಗಿಸುವ ಕೆಲಸ ಸಲೀಸಾಗಿ ಆಯಿತು. ಡೇಟಾವನ್ನೆಲ್ಲ ಫೈಲಿಗೆ ಇಳಿಸಿಕೊಡುವ ಪಿಜಿ-ಡಂಪ್‌ನ ಹೊಸ ಆವೃತ್ತಿ ಬಳಸಿ ಹಳೆ ಸರ್ವರ್‌ನಿಂದ ಡಂಪ್ ತೆಗೆದೆ. ಹಳೆ ಪಿಜಿ-ಡಂಪ್‌ಗಿಂತ ಹೊಸದರಿಂದಲೇ ತೆಗೆಯುವುದು ಒಳ್ಳೆಯದು, ಮುಂದಿನ ಆವೃತ್ತಿಗೆ ಏನು ಬೇಕು ಅಂತ ಅದಕ್ಕೆ ಗೊತ್ತಿರುತ್ತದೆ. ಯೂಸರ್‌ಗಳನ್ನು ಪಿಜಿ-ಡಂಪ್‌ಆಲ್‌ನಿಂದ ಬೇರೆಯಾಗಿ ತಂದೆ. ಡಂಪ್ ಮಾಡಿ ತುಂಬಿದ್ದರಿಂದ ಇಂಡೆಕ್ಸ್‌ಗಳೆಲ್ಲ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಗಳು) ಹೊಸದಾಗಿ ಕಟ್ಟಲ್ಪಟ್ಟವು. ಇದು ಮುಖ್ಯ. ಲಿನಕ್ಸ್‌ನ ಮೂಲ ಲೈಬ್ರರಿ ಜಿ-ಲಿಬ್‌ಸಿಯ 2.28ರಲ್ಲಿ ಅಕ್ಷರಗಳ ಜೋಡಣೆಯ ಕ್ರಮ ಬದಲಾಗಿದೆ. ಹಳೆ ಡೇಟಾ ಫೈಲ್‌ಗಳನ್ನೇ ಹೊಸ ಓಎಸ್‌ಗೆ ಎತ್ತಿಕೊಂಡು ಬಂದರೆ ಹೆಸರಿನ ಮೇಲಿನ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟಬೇಕು. ಇಲ್ಲದಿದ್ದರೆ ಇರುವ ರೈತನ ಹೆಸರೇ ಹುಡುಕಿದಾಗ ಸಿಗದೆ ಹೋಗಬಹುದು.

ಇಷ್ಟು ಸರ್ವರ್ ಕಥೆ. ನಿಜವಾದ ಕೆಲಸ ಇದ್ದದ್ದು ಸರ್ವರ್‌ಗೆ ಬಂದು ಸೇರುವ ಕಂಪ್ಯೂಟರ್‌ಗಳಲ್ಲಿ.

ಅಂಗಡಿಯಲ್ಲಿ ಮೂರು ಕೌಂಟರ್ ಇವೆ. ಒಂದರಲ್ಲಿ ರೈತರ ಲಾಟ್ ನಮೂದು, ಒಂದರಲ್ಲಿ ತೂಕ, ಒಂದರಲ್ಲಿ ಪಟ್ಟಿ, ಅಂದರೆ ರೈತನಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ. ಮೂರರಲ್ಲೂ ಒಂದೇ ಜಾವಾ ಪ್ರೋಗ್ರಾಂ ಓಡುತ್ತದೆ. ಸಾಹುಕಾರರ ಕೋಣೆಯಲ್ಲಿ ಎಕ್ಸೆಲ್ ಇದೆ, ಅದು ಓಡಿಬಿಸಿ ಮೂಲಕ ದಿನದ ಲೆಕ್ಕ ಎಳೆಯುತ್ತದೆ. ರಾತ್ರಿ ಒಂದು ಪೈಥಾನ್ ಸ್ಕ್ರಿಪ್ಟ್ ಬಾಕಿ ಲೆಕ್ಕ ಮಾಡುತ್ತದೆ. ಅಂದರೆ ಒಂದು ಸರ್ವರ್, ಮೂರು ಬಗೆಯ ಡ್ರೈವರ್ (ಪ್ರೋಗ್ರಾಂ ಪರವಾಗಿ ಡೇಟಾಬೇಸ್ ಜೊತೆ ಮಾತಾಡುವ ತುಂಡು). ಸೋಮವಾರ ಮತ್ತು ಗುರುವಾರ ಟೆಂಡರ್. ಸೀಸನ್ ಜೋರಿದ್ದಾಗ ಮಾರುಕಟ್ಟೆಗೆ ಒಂದೇ ದಿನ ಲಕ್ಷ ಚೀಲ ದಾಟಿ ಬರುವುದುಂಟು. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ರೈತರು ಬರುತ್ತಾರೆ. ಪಟ್ಟಿ ಕೈಗೆ ಬರುವವರೆಗೆ ಅವರು ಊರಿಗೆ ಹೊರಡುವಂತಿಲ್ಲ. ಆ ದಿನ ಡೇಟಾಬೇಸ್ ನಿಂತರೆ ಅಂಗಡಿಗಿಂತ ಜಾಸ್ತಿ ತೊಂದರೆ ಅವರಿಗೇ.

ಗುರುವಾರದ ಟೆಂಡರ್ ಮುಗಿದ ಮೇಲೆ ಸರ್ವರ್ ಬದಲಿಸಿದ್ದು ಅದಕ್ಕೇ. ಮುಂದಿನ ಸೋಮವಾರದವರೆಗೆ ಬಿಡುವು ಸಿಗುತ್ತದೆ. ಯಾರು ಎಲ್ಲಿಂದ ಹೇಗೆ ಲಾಗಿನ್ ಆಗಬೇಕು ಎಂದು ಹೇಳುವುದು ಪಿಜಿ-ಎಚ್‌ಬಿಎ ಫೈಲ್. ಹೊಸ ಸರ್ವರ್‌ನ ಆ ಫೈಲಿನಲ್ಲಿ ಅಂಗಡಿಯ ನೆಟ್‌ವರ್ಕ್‌ಗೆ ಸದ್ಯಕ್ಕೆ ಎಂಡಿ5 (ಪಾಸ್‌ವರ್ಡ್ ಪರೀಕ್ಷಿಸುವ ಹಳೆ ವಿಧಾನ) ಎಂದೇ ಬರೆದೆ. ಡ್ರೈವರ್‌ಗಳನ್ನು ಒಂದೊಂದಾಗಿ ಬದಲಿಸಿ ಆಮೇಲೆ ಬಿಗಿ ಮಾಡುವುದು ಅಂತ ಲೆಕ್ಕ. ಶುಕ್ರವಾರ ಎಲ್ಲ ಕೌಂಟರ್‌ಗಳೂ ಚೆನ್ನಾಗಿ ನಡೆದವು.

ಶನಿವಾರ ಗುಮಾಸ್ತರ ಫೋನ್ ಬಂತು. "ಸರ, ತೂಕದ ಕೌಂಟರ್ ಬಂದ್ ಆಗೈತ್ರಿ. ಉಳಿದಾವು ಚಲೋ ನಡದಾವ್ರಿ." ವೈರ್ ಬದಲಿಸಿ ನೋಡಿದ್ದರು, ಸ್ವಿಚ್ಚಿನಲ್ಲಿ ಬೇರೆ ಪೋರ್ಟ್‌ಗೂ ಹಾಕಿದ್ದರು. ಒಂದೇ ಕೌಂಟರ್ ನಿಂತಿದೆ ಅಂದರೆ ಯಾರಿಗಾದರೂ ಮೊದಲು ವೈರ್ ಮೇಲೇ ಅನುಮಾನ ಬರುತ್ತದೆ, ಅಲ್ವಾ? ನಾನು ಅವರಿಗೆ ಒಂದೇ ಕೆಲಸ ಹೇಳಿದೆ: ಅದೇ ಕಂಪ್ಯೂಟರ್‌ನಲ್ಲಿ ಪಟ್ಟಿ ಕೌಂಟರ್‌ನ ಯೂಸರ್ ಹಾಕಿ ಲಾಗಿನ್ ಆಗಿ ನೋಡ್ರಿ. ಆಯಿತು. ಸರಿ, ತೂಕದ ಯೂಸರ್‌ನಿಂದ ಪಟ್ಟಿ ಕೌಂಟರ್‌ನಲ್ಲಿ ಲಾಗಿನ್ ಆಗ್ರಿ. ಆಗಲಿಲ್ಲ. ಅಲ್ಲಿಗೆ ವೈರ್, ಸ್ವಿಚ್, ಕಂಪ್ಯೂಟರ್ ಮೂರರ ಮೇಲಿನ ಅನುಮಾನವೂ ಹೋಯಿತು. ದೋಷ ಯೂಸರ್‌ಗೆ ಅಂಟಿಕೊಂಡಿದೆ.

"ಆ ಯೂಸರ್‌ಗೆ ಏನಾದರೂ ಬದಲು ಮಾಡಿದ್ರೇನ್ರಿ?" ಎಂದು ಕೇಳಿದೆ. ತೂಕ ನೋಡುತ್ತಿದ್ದ ಹುಡುಗ ಕೆಲಸ ಬಿಟ್ಟಿದ್ದ. ಸಾಹುಕಾರರು ಪಾಸ್‌ವರ್ಡ್ ಬದಲಿಸಲು ಹೇಳಿದ್ದರು, ಗುಮಾಸ್ತರು ಪ್ರೋಗ್ರಾಂನ ಮೆನುವಿನಿಂದಲೇ ಬದಲಿಸಿದ್ದರು. ಸರಿಯಾದ ಕೆಲಸವೇ. ಕೆಲಸ ಬಿಟ್ಟವರ ಪಾಸ್‌ವರ್ಡ್ ಬದಲಿಸಲೇಬೇಕು.

ಪ್ರೋಗ್ರಾಂ ಪರದೆಯ ಮೇಲೆ 'ಸಂಪರ್ಕ ಆಗಲಿಲ್ಲ' ಅಂತಷ್ಟೇ ತೋರಿಸುತ್ತದೆ. ಅಸಲಿ ದೋಷ ಬೇಕಾದರೆ ಅದನ್ನು ಕಮಾಂಡ್ ಪ್ರಾಂಪ್ಟ್‌ನಿಂದ ಶುರು ಮಾಡಬೇಕು. ಹಾಗೆ ಮಾಡಿಸಿ ಪರದೆಯ ಫೋಟೋ ತರಿಸಿಕೊಂಡೆ. 'ದಿ ಅಥೆಂಟಿಕೇಶನ್ ಟೈಪ್ 10 ಈಸ್ ನಾಟ್ ಸಪೋರ್ಟೆಡ್' ಎಂದಿತ್ತು. ಅದರ ಬೆನ್ನಿಗೇ ಪಿಜಿ-ಎಚ್‌ಬಿಎ ಫೈಲಿನಲ್ಲಿ ಈ ಕಂಪ್ಯೂಟರ್‌ನ ಐಪಿ ಇದೆಯೇ ನೋಡಿ ಎಂಬ ಸಲಹೆ.

ಈ ಸಲಹೆ ಜನರ ದಾರಿ ತಪ್ಪಿಸುತ್ತದೆ. ಓದಿದವರು ಹೋಗಿ ಐಪಿ ಸಾಲುಗಳನ್ನು ತಿದ್ದುತ್ತಾ ಕೂರುತ್ತಾರೆ. ಆ ವಾಕ್ಯದ ಕೊನೆಯ ತುಂಡನ್ನು ಓದಬೇಕು: ಡ್ರೈವರ್‌ಗೆ ಗೊತ್ತಿರುವ ದೃಢೀಕರಣ ವಿಧಾನ ಬಳಸುತ್ತಿದೆಯೇ ನೋಡಿ ಎಂದಿದೆ. ಉತ್ತರ ಅಲ್ಲೇ ಇದೆ. ಇನ್ನು 10 ಎಂದರೆ ಪೋಸ್ಟ್‌ಗ್ರೆಸ್‌ನ 10ನೇ ಆವೃತ್ತಿ ಅಲ್ಲ. ಸರ್ವರ್ ಮತ್ತು ಡ್ರೈವರ್ ಮಾತಾಡುವ ಪ್ರೋಟೋಕಾಲ್‌ನಲ್ಲಿ ದೃಢೀಕರಣದ ಪ್ರತಿ ವಿಧಾನಕ್ಕೂ ಒಂದು ಸಂಖ್ಯೆ ಇದೆ. 3 ಅಂದರೆ ಮುಚ್ಚುಮರೆ ಇಲ್ಲದ ಪಾಸ್‌ವರ್ಡ್, 5 ಅಂದರೆ ಎಂಡಿ5, 10 ಅಂದರೆ ಸಾಸ್ಲ್. ಪಾಸ್‌ವರ್ಡ್ ಪರೀಕ್ಷಿಸುವ ಹೊಸ ವಿಧಾನ ಸ್ಕ್ರಾಮ್-ಶಾ-256 ಬರುವುದು ಈ ಸಾಸ್ಲ್ ಎಂಬ ಚೌಕಟ್ಟಿನ ಒಳಗೆ. ಸ್ಕ್ರಾಮ್ ಪೋಸ್ಟ್‌ಗ್ರೆಸ್‌ಗೆ ಬಂದದ್ದು 2017ರ 10ನೇ ಆವೃತ್ತಿಯಲ್ಲೇ ಆದ್ದರಿಂದ ಗೊಂದಲ ಇನ್ನೂ ಜಾಸ್ತಿ.

ಈಗ ಕಥೆ ಕೂಡಿಬಂತು. 14ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಹೊಸ ಪಾಸ್‌ವರ್ಡ್‌ಗಳನ್ನು ತಾನಾಗಿಯೇ ಸ್ಕ್ರಾಮ್ ರೂಪದಲ್ಲಿ ಇಡುತ್ತದೆ. ಆದರೆ ಹಳೆ ಸರ್ವರ್‌ನಿಂದ ತಂದ ಯೂಸರ್‌ಗಳ ಪಾಸ್‌ವರ್ಡ್ ಎಂಡಿ5 ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ತೆಗೆದ ಗುರುತು) ಆಗಿ ಹೇಗಿತ್ತೋ ಹಾಗೆಯೇ ಬರುತ್ತದೆ. ಸರ್ವರ್‌ಗೆ ಮೂಲ ಪಾಸ್‌ವರ್ಡ್ ಗೊತ್ತಿಲ್ಲ, ಹಾಗಾಗಿ ಅದನ್ನು ಪರಿವರ್ತಿಸಲು ಆಗುವುದೇ ಇಲ್ಲ. ಪಿಜಿ-ಎಚ್‌ಬಿಎಯಲ್ಲಿ ಎಂಡಿ5 ಎಂದು ಬರೆದಿದ್ದರೂ, ಯೂಸರ್‌ನ ಪಾಸ್‌ವರ್ಡ್ ಸ್ಕ್ರಾಮ್ ರೂಪದಲ್ಲಿದ್ದರೆ ಸರ್ವರ್ ಸ್ಕ್ರಾಮ್ ಅನ್ನೇ ಕೇಳುತ್ತದೆ. ಉಳಿದ ಯೂಸರ್‌ಗಳು ಎಂಡಿ5ರಲ್ಲಿ ಇದ್ದರು, ಹಳೆ ಡ್ರೈವರ್‌ಗೆ ಅದು ಗೊತ್ತಿತ್ತು. ಪಾಸ್‌ವರ್ಡ್ ಬದಲಾದ ಒಬ್ಬ ಯೂಸರ್ ಮಾತ್ರ ಸ್ಕ್ರಾಮ್‌ಗೆ ಹಾರಿದ. ಸರ್ವರ್‌ಗೆ ದೂರದಿಂದ ಲಾಗಿನ್ ಆಗಿ ಪಿಜಿ-ಆಥ್‌ಐಡಿ ಟೇಬಲ್ ನೋಡಿದೆ. ಎಲ್ಲರ ಪಾಸ್‌ವರ್ಡ್ ಕಾಲಂ ಎಂಡಿ5 ಎಂದು ಶುರುವಾಗುತ್ತಿತ್ತು, ತೂಕದವನದ್ದು ಮಾತ್ರ ಸ್ಕ್ರಾಮ್-ಶಾ-256 ಎಂದು.

ಅಪ್‌ಗ್ರೇಡ್ ಆದ ದಿನ ಎಲ್ಲ ನಡೆದು, ವಾರ ಬಿಟ್ಟು ಒಂದೊಂದೇ ಕೌಂಟರ್ ನಿಲ್ಲುವುದು ಇದೇ ಕಾರಣಕ್ಕೆ. ಅಪ್‌ಗ್ರೇಡ್ ಆಗಿ ಎಷ್ಟೋ ದಿನ ಆಗಿರುವುದರಿಂದ ಯಾರಿಗೂ ಅದರ ನೆನಪೇ ಬರುವುದಿಲ್ಲ.

"ಸೋಮವಾರ ಟೆಂಡರ್ ಐತ್ರಿ, ಅಷ್ಟರೊಳಗ ಆಗಬೇಕ್ರಿ" ಎಂದರು ಸಾಹುಕಾರರು. ತಕ್ಷಣದ ದಾರಿ ಇದೆ. ಸರ್ವರ್‌ನಲ್ಲಿ ಆ ಒಂದು ಸೆಶನ್‌ಗೆ ಮಾತ್ರ ಪಾಸ್‌ವರ್ಡ್ ಎನ್‌ಕ್ರಿಪ್ಶನ್ ಎಂಡಿ5 ಎಂದು ಇಟ್ಟು, ಅದೇ ಪಾಸ್‌ವರ್ಡ್ ಇನ್ನೊಮ್ಮೆ ಕೊಟ್ಟೆ. ಕೌಂಟರ್ ಕೂಡಲೇ ಶುರುವಾಯಿತು. ಇದು ಗಾಯಕ್ಕೆ ಬಟ್ಟೆ ಕಟ್ಟಿದ್ದಷ್ಟೇ, ಔಷಧಿ ಅಲ್ಲ. ಇಂಥ ಹೊತ್ತಿನಲ್ಲಿ ಕೆಲವರು ಪಿಜಿ-ಎಚ್‌ಬಿಎಯಲ್ಲಿ ಟ್ರಸ್ಟ್ ಎಂದು ಬರೆದುಬಿಡಿ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟ್ರಸ್ಟ್ ಅಂದರೆ ಪಾಸ್‌ವರ್ಡೇ ಕೇಳುವುದಿಲ್ಲ. ಅಂಗಡಿಯ ವೈಫೈಗೆ ಸೇರಿದ ಯಾವ ಮೊಬೈಲ್‌ನಿಂದ ಬೇಕಾದರೂ ರೈತರ ಲೆಕ್ಕ ತಿದ್ದಬಹುದು.

ಎಂಡಿ5ರಲ್ಲೇ ಯಾಕೆ ಇರಬಾರದು? ಪೋಸ್ಟ್‌ಗ್ರೆಸ್‌ನ ಎಂಡಿ5 ಹ್ಯಾಶ್ ಎಂದರೆ ಪಾಸ್‌ವರ್ಡ್ ಮತ್ತು ಯೂಸರ್ ಹೆಸರು ಸೇರಿಸಿ ಮಾಡಿದ್ದು. ಆ ಹ್ಯಾಶ್ ಕದ್ದವನಿಗೆ ಪಾಸ್‌ವರ್ಡ್ ಗೊತ್ತಿರಬೇಕಾಗಿಯೇ ಇಲ್ಲ, ಹ್ಯಾಶ್ ಇಟ್ಟುಕೊಂಡೇ ಲಾಗಿನ್ ಆಗಬಹುದು. ಒಂದು ಬ್ಯಾಕಪ್ ಪೆನ್‌ಡ್ರೈವ್ ಕಳೆದರೆ ಸಾಕು. ಸ್ಕ್ರಾಮ್‌ನಲ್ಲಿ ಪ್ರತಿ ಯೂಸರ್‌ಗೂ ಬೇರೆ ಸಾಲ್ಟ್ (ಪಾಸ್‌ವರ್ಡ್‌ಗೆ ಬೆರೆಸುವ ಗೊತ್ತುಗುರಿಯಿಲ್ಲದ ಅಕ್ಷರಗಳು) ಇದೆ, ಹ್ಯಾಶ್ ಅನ್ನು 4096 ಸಲ ಸುತ್ತಿಸುತ್ತದೆ, ಕದ್ದ ದಾಖಲೆಯಿಂದ ನೇರವಾಗಿ ಒಳಗೆ ಹೋಗಲು ಆಗದು. 2025ರಲ್ಲಿ ಬಂದ 18ನೇ ಆವೃತ್ತಿ ಎಂಡಿ5 ಪಾಸ್‌ವರ್ಡ್ ಇಟ್ಟರೆ ಎಚ್ಚರಿಕೆ ಕೊಡುತ್ತದೆ, ಮುಂದೆ ತೆಗೆದುಹಾಕುವ ಇರಾದೆ ಇದೆ. ಇವತ್ತಲ್ಲ ನಾಳೆ ಬಿಡಲೇಬೇಕಾದದ್ದು.

ಸೋಮವಾರದ ಟೆಂಡರ್ ಮುಗಿಯಲಿ ಎಂದು ಕಾದು, ಮಂಗಳವಾರ ಬ್ಯಾಡಗಿಗೆ ಹೋದೆ.

ಮೊದಲು ಪಟ್ಟಿ ಕೌಂಟರ್. ಅಲ್ಲಿ ಜಾವಾ 8 ಇತ್ತು. ಪ್ರೋಗ್ರಾಂ ಫೋಲ್ಡರ್‌ನಲ್ಲಿ 9.4 ಕಾಲದ ಹಳೆ ಜೆಡಿಬಿಸಿ ಜಾರ್, ಅಂದರೆ ಜಾವಾಕ್ಕೆ ಬೇಕಾದ ಡ್ರೈವರ್‌ನ ಫೈಲ್, ಇತ್ತು. ಅದನ್ನು ತೆಗೆದು 42.7 ಸಾಲಿನ ಹೊಸ ಜಾರ್ ಹಾಕಿ, ಬ್ಯಾಚ್ ಫೈಲಿನಲ್ಲಿ ಹೆಸರು ತಿದ್ದಿದೆ. ಡ್ರೈವರ್ ಕ್ಲಾಸಿನ ಹೆಸರು ಬದಲಾಗಿಲ್ಲ, ಹಾಗಾಗಿ ಕೋಡ್ ಮುಟ್ಟುವ ಅಗತ್ಯ ಬೀಳಲಿಲ್ಲ. ನೀವೂ ತರುವುದಾದರೆ 42.7.2 ಅಥವಾ ಅದಕ್ಕಿಂತ ಮುಂದಿನದನ್ನೇ ತನ್ನಿ, ಅದರ ಹಿಂದಿನವುಗಳಲ್ಲಿ ಒಂದು ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷ (ಹೊರಗಿನವರು ಡೇಟಾಬೇಸ್‌ಗೆ ತಮ್ಮ ಆದೇಶ ತೂರಿಸಬಹುದಾದ ಲೋಪ) ಇತ್ತು. ಪರೀಕ್ಷೆಗೆಂದೇ ಸರ್ವರ್‌ನಲ್ಲಿ ಸ್ಕ್ರಾಮ್ ಪಾಸ್‌ವರ್ಡ್ ಇರುವ ಒಬ್ಬ ಯೂಸರ್‌ನನ್ನು ಮಾಡಿಟ್ಟಿದ್ದೆ. ಅವನಿಂದ ಲಾಗಿನ್ ಆಯಿತು, ಪಟ್ಟಿ ಪ್ರಿಂಟ್ ಆಯಿತು.

ಲಾಟ್ ಕೌಂಟರ್‌ನಲ್ಲೂ ಜಾವಾ 8. ಅದೇ ಜಾರ್, ಅದೇ ಬ್ಯಾಚ್ ಫೈಲ್. ಆದರೂ ಅದೇ ಟೈಪ್ 10 ದೋಷ! ಹಳೆ ಜಾರ್ ಆ ಫೋಲ್ಡರ್‌ನಲ್ಲಿ ಇಲ್ಲವೇ ಇಲ್ಲ, ಆದರೂ ಹಳೆ ಡ್ರೈವರ್ ಮಾತಾಡುತ್ತಿದೆ. ಇಂಥಲ್ಲಿ ಊಹೆ ಮಾಡುತ್ತಾ ಕೂರಬಾರದು, ಜಾವಾವನ್ನೇ ಕೇಳಬೇಕು. ವರ್ಬೋಸ್-ಕ್ಲಾಸ್ ಆಯ್ಕೆ ಕೊಟ್ಟು ಪ್ರೋಗ್ರಾಂ ಶುರು ಮಾಡಿದರೆ ಯಾವ ಕ್ಲಾಸ್ ಯಾವ ಫೈಲಿನಿಂದ ಬಂತು ಎಂದು ಸಾಲು ಸಾಲಾಗಿ ಹೇಳುತ್ತದೆ. ಪೋಸ್ಟ್‌ಗ್ರೆಸ್ ಡ್ರೈವರ್ ಬಂದದ್ದು ಜಾವಾ ಫೋಲ್ಡರ್‌ನ ಲಿಬ್ ಒಳಗಿನ ಎಕ್ಸ್ಟ್ ಎಂಬ ಜಾಗದಿಂದ. ಯಾವುದೋ ಕಾಲದಲ್ಲಿ ಯಾರೋ ಅಲ್ಲೊಂದು ಪ್ರತಿ ಹಾಕಿಟ್ಟಿದ್ದಾರೆ. ಜಾವಾ 8ರವರೆಗೆ ಎಕ್ಸ್ಟ್ ಫೋಲ್ಡರ್‌ನಲ್ಲಿ ಇರುವುದಕ್ಕೆ ಮೊದಲ ಮರ್ಯಾದೆ. ನಿಮ್ಮ ಪ್ರೋಗ್ರಾಂ ಫೋಲ್ಡರ್‌ನಲ್ಲಿ ಏನೇ ಇದ್ದರೂ ಅದರ ಸರದಿ ಆಮೇಲೆ. ಜಾವಾ 9ರಲ್ಲಿ ಈ ಏರ್ಪಾಡನ್ನೇ ತೆಗೆದರು, ಒಳ್ಳೆಯ ಕೆಲಸ. ಆ ಪ್ರತಿಯನ್ನು ಅಳಿಸಿದ ಕೂಡಲೇ ಲಾಗಿನ್ ಆಯಿತು. 'ಡ್ರೈವರ್ ಬದಲಿಸಿದರೂ ಅದೇ ದೋಷ' ಎಂದು ಯಾರಾದರೂ ಹೇಳಿದರೆ, ನಾನು ಈಗ ಮೊದಲು ಕೇಳುವುದು ಹಳೆಯದರ ಇನ್ನೊಂದು ಪ್ರತಿ ಎಲ್ಲಿದೆ ಎಂದು.

ತೂಕದ ಕೌಂಟರ್ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದಿತು. ಅದು ವಿಂಡೋಸ್ 7, ಅದರಲ್ಲಿ ಜಾವಾ 7. ತೂಕದ ಯಂತ್ರ ಸೀರಿಯಲ್ ಕೇಬಲ್‌ನಿಂದ ಅದಕ್ಕೆ ಸೇರಿದೆ. ಆ ಸೀರಿಯಲ್ ಪೋರ್ಟ್ ಓದುವ ಆರ್‌ಎಕ್ಸ್‌ಟಿಎಕ್ಸ್ ಲೈಬ್ರರಿಯ ಡಿಎಲ್‌ಎಲ್ ಫೈಲ್ ಜಾವಾ 7ರ ಬಿನ್ ಫೋಲ್ಡರ್‌ನಲ್ಲಿ ಕೂತಿದೆ. ತೂಕ ಸರಿಯಾಗಿ ಬರುತ್ತಿರುವಾಗ ಜಾವಾ ಮುಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ. 42.2 ಸಾಲಿನಲ್ಲಿ ಜಾವಾ 7ಕ್ಕೆಂದೇ ಹೆಸರಿನ ಕೊನೆಯಲ್ಲಿ ಜೆಆರ್‌ಇ7 ಎಂದಿರುವ ಜಾರ್ ಸಿಗುತ್ತದೆ. ಜಾವಾ ಬದಲಿಸದೆ ಮುಗಿಯುತ್ತದೆಯೇ ಎಂದು ಅದನ್ನು ಹಾಕಿ ನೋಡಿದೆ. ಈ ಸಲ ದೋಷ ಬೇರೆ, ಮತ್ತು ತುಂಬಾ ಸ್ಪಷ್ಟ: ಈ ಡ್ರೈವರ್‌ನಲ್ಲಿ ಸ್ಕ್ರಾಮ್ ಇಲ್ಲ, ಜೆಡಿಕೆ 8 ಅಥವಾ ಮೇಲೆ, ಡ್ರೈವರ್ 42.2.0 ಅಥವಾ ಮೇಲೆ ಬೇಕು, ಜೆಆರ್‌ಇ ಎಂದು ಹೆಸರಿನಲ್ಲಿರುವವು ಆಗುವುದಿಲ್ಲ. ಇಷ್ಟು ಬಿಡಿಸಿ ಬರೆದವರಿಗೆ ನಾನು ನಿಜಕ್ಕೂ ಕೃತಜ್ಞ. ಎಲ್ಲ ದೋಷಸಂದೇಶಗಳೂ ಹೀಗಿದ್ದರೆ ರಿಪೇರಿ ಕೆಲಸ ಅರ್ಧ ಆಗುತ್ತಿತ್ತು. 42.2.0ರಲ್ಲಿ ಸ್ಕ್ರಾಮ್ ಬಂತು ಎಂದು ಓದಿ ಆ ಸಾಲಿನ ಯಾವುದೋ ಒಂದು ಜಾರ್ ಎತ್ತಿಕೊಳ್ಳುವಂತಿಲ್ಲ, ಜಾವಾ 8ರದ್ದೇ ಬೇಕು.

ಹಾಗಾಗಿ ಜಾವಾ 7 ಅನ್ನು ತೆಗೆಯದೆ, ಪಕ್ಕದಲ್ಲೇ ಜಾವಾ 8 ಹಾಕಿದೆ. ಡಿಎಲ್‌ಎಲ್ 32 ಬಿಟ್‌ನದ್ದು, ಆದ್ದರಿಂದ ಜಾವಾ ಕೂಡ 32 ಬಿಟ್‌ನದ್ದೇ. ಡಿಎಲ್‌ಎಲ್ ಅನ್ನು ಹೊಸ ಬಿನ್ ಫೋಲ್ಡರ್‌ಗೆ ನಕಲು ಮಾಡಿ, ಬ್ಯಾಚ್ ಫೈಲಿನಲ್ಲಿ ಹೊಸ ಜಾವಾದ ಪೂರ್ತಿ ದಾರಿ ಬರೆದೆ. ಹಳೆಯದನ್ನು ಉಳಿಸಿದ್ದು ಬೇಕೆಂದೇ: ತೂಕ ತಪ್ಪಿದರೆ ಬ್ಯಾಚ್ ಫೈಲಿನ ಒಂದು ಸಾಲು ತಿದ್ದಿ ಹಿಂದಕ್ಕೆ ಹೋಗಬಹುದು. ಹಮಾಲರು ಒಂದು ಚೀಲ ಕಡ್ಡಿ ಮೆಣಸಿನಕಾಯಿ ತಂದು ಕಾಟಾದ (ತೂಕದ ಯಂತ್ರದ) ಮೇಲೆ ಇಟ್ಟರು. ಕಾಟಾದ ಅಂಕಿ, ಪರದೆಯ ಅಂಕಿ ಎರಡೂ ಒಂದೇ. ಚೀಲ ಬದಲಿಸಿ, ಖಾಲಿ ಬಿಟ್ಟು, ಮತ್ತೆ ಇಟ್ಟು ನೋಡಿದೆವು. ಡೇಟಾಬೇಸ್ ಡ್ರೈವರ್ ಕೆಲಸದಲ್ಲಿ ಕಾಟಾ ಪರೀಕ್ಷೆ ಯಾಕೆ ಅನ್ನಿಸಬಹುದು. ಜಾವಾ ಬದಲಿಸಿದ ಮೇಲೆ ಅದರ ಮೇಲೆ ನಿಂತ ಪ್ರತಿಯೊಂದನ್ನೂ ನೋಡಲೇಬೇಕು, ಅದರಲ್ಲೂ ರೈತನ ದುಡ್ಡು ನಿಂತಿರುವುದು ಆ ಅಂಕಿಯ ಮೇಲೆ.

ಸಾಹುಕಾರರ ಎಕ್ಸೆಲ್‌ಗೆ ಹೊಸ ಓಡಿಬಿಸಿ ಡ್ರೈವರ್ ಬೇಕಿತ್ತು. ಹಳೆಯದರ ಜೊತೆ ಬಂದ ಲಿಬ್‌ಪಿಕ್ಯೂ (ಸರ್ವರ್‌ಗೆ ಸಂಪರ್ಕ ಕಟ್ಟುವ ಪೋಸ್ಟ್‌ಗ್ರೆಸ್ ಲೈಬ್ರರಿ) 10ಕ್ಕಿಂತ ಹಿಂದಿನದು, ಅದಕ್ಕೂ ಸ್ಕ್ರಾಮ್ ಗೊತ್ತಿಲ್ಲ. ಅದೊಂದೇ ಅಲ್ಲ. ಪೋಸ್ಟ್‌ಗ್ರೆಸ್ 12ರಲ್ಲಿ ಸಾಮಾನ್ಯ ಟೇಬಲ್‌ಗಳ ಓಐಡಿ ಎಂಬ ಅಡಗಿದ ಗುರುತಿನ ಕಾಲಂ ತೆಗೆದುಹಾಕಿದರು. ಅದರ ವಿವರವನ್ನು ಸಿಸ್ಟಮ್ ಟೇಬಲ್‌ಗಳಲ್ಲಿ ಹುಡುಕುವ ಹಳೆ ಡ್ರೈವರ್‌ಗಳು ಲಾಗಿನ್ ಆದರೂ ಆಮೇಲೆ ಎಡವುತ್ತವೆ. ಹೊಸ ಡ್ರೈವರ್ 32 ಮತ್ತು 64 ಬಿಟ್ ಎರಡೂ ರೂಪದಲ್ಲಿ ಸಿಗುತ್ತದೆ. ಇಲ್ಲಿ ನೋಡಬೇಕಾದದ್ದು ವಿಂಡೋಸ್ ಎಷ್ಟು ಬಿಟ್ ಎಂದಲ್ಲ, ಎಕ್ಸೆಲ್ ಎಷ್ಟು ಬಿಟ್ ಎಂದು. ವಿಂಡೋಸ್ 64, ಎಕ್ಸೆಲ್ 32 ಇತ್ತು. 64ರ ಡ್ರೈವರ್ ಹಾಕಿದರೆ 'ಆರ್ಕಿಟೆಕ್ಚರ್ ಮಿಸ್‌ಮ್ಯಾಚ್' ಎಂದು ನಿಲ್ಲುತ್ತದೆ. ಇನ್ನೊಂದು ವಿಚಿತ್ರ ಇದೆ: 32 ಬಿಟ್‌ನ ಓಡಿಬಿಸಿ ಸೆಟ್ಟಿಂಗ್ ಇರುವುದು ಸಿಸ್‌ವಾವ್64 ಎಂಬ ಫೋಲ್ಡರ್‌ನಲ್ಲಿ, 64 ಬಿಟ್‌ನದ್ದು ಸಿಸ್ಟಮ್32ರಲ್ಲಿ. ಹೆಸರು ನೋಡಿ ಹೋದರೆ ಉಲ್ಟಾ ಕಡೆ ಹೋಗುತ್ತೀರಿ.

ಅಲ್ಲಿ ಪೋಸ್ಟ್‌ಗ್ರೆಸ್‌ನ ಎರಡು ಡ್ರೈವರ್ ಹೆಸರು ಕಾಣುತ್ತವೆ, ಒಂದು ಆನ್ಸಿ, ಇನ್ನೊಂದು ಯೂನಿಕೋಡ್. ಕನ್ನಡದವರು ಕಣ್ಣುಮುಚ್ಚಿ ಯೂನಿಕೋಡ್ ಆರಿಸಿಕೊಳ್ಳಿ. ಆನ್ಸಿ ಡ್ರೈವರ್ ಅಕ್ಷರಗಳನ್ನು ವಿಂಡೋಸ್‌ನ ಹಳೆ ಕೋಡ್ ಪೇಜ್‌ಗೆ ಬದಲಿಸಲು ಹೋಗುತ್ತದೆ. ಕನ್ನಡಕ್ಕೆ ಅಂಥ ಕೋಡ್ ಪೇಜೇ ಇಲ್ಲ. ಫಲವಾಗಿ ರೈತರ ಹೆಸರಿನ ಜಾಗದಲ್ಲಿ ಸಾಲು ಸಾಲು ಪ್ರಶ್ನೆಚಿಹ್ನೆ. ಡೇಟಾ ಸಾಗಿಸುವಾಗ ಹಾಳಾಯಿತೇನೋ ಎಂದು ಎದೆ ಧಸಕ್ ಅನ್ನುತ್ತದೆ, ಆದರೆ ಡೇಟಾ ಸರಿಯಾಗಿಯೇ ಇರುತ್ತದೆ. ಸರ್ವರ್‌ನಲ್ಲಿ ನೇರವಾಗಿ ಒಂದು ಹೆಸರು ತೆಗೆದು ನೋಡಿದರೆ ಗೊತ್ತಾಗುತ್ತದೆ.

ಪೈಥಾನ್ ಸ್ಕ್ರಿಪ್ಟ್‌ಗೆ ಏನೂ ಮಾಡಬೇಕಾಗಲಿಲ್ಲ. ಅದು ಹೊಸ ಸರ್ವರ್‌ನಲ್ಲೇ ಓಡುತ್ತದೆ, ಉಬುಂಟು 24.04ರ ಪೈಥಾನ್ ಡ್ರೈವರ್ ಸೈಕೋಪಿಜಿಗೆ ಹೊಸ ಲಿಬ್‌ಪಿಕ್ಯೂ ಇದೆ.

ಎಲ್ಲ ಡ್ರೈವರ್ ಬದಲಾದ ಮೇಲೆ ಒಂದು ಟೆಂಡರ್ ದಿನ ಹಾಗೆಯೇ ನಡೆಯಲು ಬಿಟ್ಟೆ. ಪಾಸ್‌ವರ್ಡ್‌ಗಳು ಇನ್ನೂ ಎಂಡಿ5, ಡ್ರೈವರ್‌ಗಳು ಮಾತ್ರ ಹೊಸವು. ಹೊಸ ಡ್ರೈವರ್‌ಗಳಿಗೆ ಹಳೆ ವಿಧಾನವೂ ಗೊತ್ತು, ಹಳೆ ಡ್ರೈವರ್‌ಗಳಿಗೆ ಹೊಸ ವಿಧಾನ ಗೊತ್ತಿಲ್ಲ. ಅದಕ್ಕೇ ಡ್ರೈವರ್ ಮೊದಲು, ಪಾಸ್‌ವರ್ಡ್ ಆಮೇಲೆ, ಪಿಜಿ-ಎಚ್‌ಬಿಎ ಕೊನೆಗೆ. ಸರ್ವರ್ ಬದಲಿಸುವ ಮೊದಲೇ ಡ್ರೈವರ್ ಬದಲಿಸಲು ಸಾಧ್ಯವಿದ್ದರೆ ಅದು ಇನ್ನೂ ಒಳ್ಳೆಯದು. ಇಲ್ಲಿ ಹಳೆ ಡಿಸ್ಕ್ ಅಷ್ಟು ದಿನ ಕಾಯುವ ಸ್ಥಿತಿಯಲ್ಲಿ ಇರಲಿಲ್ಲ.

ಗುರುವಾರ ಸಂಜೆ ಉಳಿದದ್ದನ್ನು ಮುಗಿಸಿದೆ. ಪ್ರತಿ ಯೂಸರ್‌ಗೂ ಪಾಸ್‌ವರ್ಡ್ ಹೊಸದಾಗಿ ಕೊಟ್ಟೆ. ಪಿಜಿ-ಆಥ್‌ಐಡಿಯಲ್ಲಿ ಎಂಡಿ5 ಎಂದು ಶುರುವಾಗುವ ಸಾಲು ಒಂದೂ ಉಳಿದಿಲ್ಲ ಎಂದು ನೋಡಿದೆ. ಆಮೇಲೆ ಪಿಜಿ-ಎಚ್‌ಬಿಎಯಲ್ಲಿ ಎಂಡಿ5 ಇದ್ದ ಕಡೆ ಸ್ಕ್ರಾಮ್-ಶಾ-256 ಎಂದು ಬರೆದು ರೀಲೋಡ್ ಮಾಡಿದೆ. ಸರ್ವರ್ ನಿಲ್ಲಿಸಿ ಶುರು ಮಾಡುವ ಅಗತ್ಯ ಇಲ್ಲ. ಆ ಫೈಲಿನಲ್ಲಿ ಬರೆದದ್ದನ್ನು ಸರ್ವರ್ ಹೇಗೆ ಓದಿಕೊಂಡಿದೆ ಎಂದು ನೋಡಲು ಪಿಜಿ-ಎಚ್‌ಬಿಎ-ಫೈಲ್-ರೂಲ್ಸ್ ಎಂಬ ವ್ಯೂ ಇದೆ, ತಪ್ಪಿದ್ದರೆ ಅಲ್ಲೇ ಕಾಣುತ್ತದೆ. ಲಾಗ್‌ನಲ್ಲಿ ಪ್ರತಿ ಸಂಪರ್ಕವೂ ಬರೆಯಲಿ ಎಂದು ಲಾಗ್-ಕನೆಕ್ಷನ್ಸ್ ಆನ್ ಮಾಡಿಟ್ಟೆ.

ಅದರಿಂದ ಒಂದು ಸಂಗತಿ ಸಿಕ್ಕಿತು. ರಾತ್ರಿ ಹೊತ್ತು ಒಂದು ಸಂಪರ್ಕ ಬಂದಿತ್ತು, ಆದರೆ ಲಾಗಿನ್ ಆಗಿರಲಿಲ್ಲ. ಹಳೆ ಸರ್ವರ್ ಯಂತ್ರವನ್ನು ಇನ್ನೂ ಆಫ್ ಮಾಡಿರಲಿಲ್ಲ, ಡೇಟಾ ಹೋಲಿಸಿ ನೋಡಲು ಬೇಕಾಗಬಹುದೆಂದು ಇಟ್ಟಿದ್ದೆ. ಅದರಲ್ಲಿದ್ದ ಬ್ಯಾಕಪ್ ಸ್ಕ್ರಿಪ್ಟ್ ಈಗ ಹೊಸ ಸರ್ವರ್‌ನ ಐಪಿಯನ್ನು ತಟ್ಟುತ್ತಿತ್ತು, ಯಾಕೆಂದರೆ ಹಳೆಯದರ ಐಪಿಯನ್ನೇ ಹೊಸದಕ್ಕೆ ಕೊಟ್ಟಿದ್ದೆವು. ಅಲ್ಲಿನ ಲಿಬ್‌ಪಿಕ್ಯೂ 9.5ರದ್ದು, ಸ್ಕ್ರಾಮ್ ಗೊತ್ತಿಲ್ಲ. ಬ್ಯಾಕಪ್ ಅನ್ನು ಹೊಸ ಯಂತ್ರಕ್ಕೆ ಸಾಗಿಸಿ, ಹಳೆಯದರಲ್ಲಿ ಅದನ್ನು ಹೊತ್ತಿಗೆ ಸರಿಯಾಗಿ ಓಡಿಸುತ್ತಿದ್ದ ಕ್ರಾನ್ ಸಾಲು ಅಳಿಸಿದೆ. ಆ ಲಾಗ್ ಇಲ್ಲದಿದ್ದರೆ ಬ್ಯಾಕಪ್ ನಿಂತದ್ದು ಬ್ಯಾಕಪ್ ಬೇಕಾದ ದಿನವೇ ತಿಳಿಯುತ್ತಿತ್ತು.

ಮುಂದಿನ ಸೋಮವಾರ ಟೆಂಡರ್ ದಿನ ಎಲ್ಲ ಕೌಂಟರ್‌ಗಳೂ ಸ್ಕ್ರಾಮ್‌ನಲ್ಲೇ ನಡೆದವು. ಲಾಗಿನ್ ನಿಧಾನವಾಯಿತು ಎಂದು ಯಾರೂ ಹೇಳಲಿಲ್ಲ, ವಿಂಡೋಸ್ 7ರ ಹಳೆ ಕಂಪ್ಯೂಟರ್‌ನಲ್ಲೂ ಇಲ್ಲ. ಸರ್ವರ್ ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಬಂದಿದ್ದೇನೆ: ಯಾವ ಕೌಂಟರ್, ಯಾವ ಜಾವಾ, ಯಾವ ಡ್ರೈವರ್, ಅದರ ಫೈಲ್ ಎಲ್ಲಿದೆ, ಯಾವ ಯೂಸರ್. ಪೋಸ್ಟ್‌ಗ್ರೆಸ್ 16ಕ್ಕೆ 2028ರ ನವೆಂಬರ್‌ವರೆಗೆ ಅಪ್‌ಡೇಟ್ ಬರುತ್ತದೆ. ಅದಕ್ಕೂ ಮೊದಲು ತೂಕದ ಕೌಂಟರ್‌ನ ವಿಂಡೋಸ್ 7 ಬದಲಿಸಬೇಕು, ಸೀಸನ್ ಮುಗಿದ ಮೇಲೆ ಮಾಡೋಣ ಎಂದು ಸಾಹುಕಾರರು ಒಪ್ಪಿದ್ದಾರೆ.